ಬ್ರೇಕಿಗೂ ಹುಡುಗಿಯರೇ ಹೊಣೆಯೇ?

ಟಗರಿನ ಕೊಂಬಿನಂತೆ ಹ್ಯಾಂಡಲ್ ಬಾಗಿದ, ಅಣ್ಣ ಓಡಿಸಿ ಬಿಟ್ಟ ಸೈಕಲ್ಲಿನಲ್ಲೇ ನನ್ನ ತರಗತಿಯ ಎಷ್ಟೋ ಹುಡುಗಿಯರು ಶಾಲೆಗೆ ಬರುತ್ತಾರೆ. ಇಳಿಜಾರಿನಲ್ಲಿ ಬಿದ್ದರೆ, "ಹುಡುಗಿಯರಿಗೇಕೆ ಅಷ್ಟು ಜೋರು?" ಎಂಬ ಬೈಗುಳ ಬೇರೆ. ತಾಯಂದಿರೇ, ಆ ಬ್ರೇಕನ್ನು ಒಮ್ಮೆ ಹಿಡಿದು ನೋಡಿದ್ದೀರಾ? ಹಿಡಿಕೆ ಪುಟ್ಟ ಬೆರಳಿಗೆ ಎಟುಕುವುದಿಲ್ಲ. ರಬ್ಬರ್ ಹಳತಾಗಿ ಕಲ್ಲಾಗಿರುತ್ತದೆ. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರಂತೂ ಹೊಸ ರಬ್ಬರೂ ಜಾರುತ್ತದೆ. ಅಂಗಡಿಯವನು ವೈರ್ ಬಿಗಿದು ಕಳಿಸಿದರೆ ಸಾಲದು. ರಿಮ್ಮಿನ ಜಿಡ್ಡು ಒರೆಸಬೇಕು, ತುಕ್ಕು ಹಿಡಿದ ವೈರು, ಗಟ್ಟಿಯಾದ ರಬ್ಬರು ಎರಡನ್ನೂ ಬದಲಿಸಬೇಕು, ಹಿಡಿಕೆಯನ್ನು ಅವಳ ಕೈಗೆ ಸಿಗುವಲ್ಲಿಗೆ ಸರಿಸಬೇಕು. ಮಗನ ಬೈಕಿನ ಸರ್ವೀಸ್ ಒಮ್ಮೆಯೂ ತಪ್ಪಿಸದ ಮನೆಯಲ್ಲಿ ಇದಕ್ಕೆ ಮಾತ್ರ ದುಡ್ಡಿಲ್ಲವಂತೆ! ಈ ವಾರವೇ ಸೈಕಲ್ಲನ್ನು ಅಂಗಡಿಗೆ ನೀವೇ ತಳ್ಳಿಕೊಂಡು ಹೋಗಿ. ರಿಪೇರಿ ಮುಗಿಯುವವರೆಗೂ ಅಲ್ಲೇ ನಿಲ್ಲಿ.