ಇಪ್ಪತ್ತು ಸಾವಿರಕ್ಕೆ ‘ಐ7 ಗೇಮಿಂಗ್ ಪಿಸಿ’: ಫಾರ್ವರ್ಡ್ ಹೇಳುವುದೆಷ್ಟು, ಮುಚ್ಚಿಡುವುದೆಷ್ಟು?

ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣಬಣ್ಣದ ಲೈಟಿನ ಕ್ಯಾಬಿನೆಟ್, ಜೊತೆಗೆ ಕೀಬೋರ್ಡ್, ಮೌಸ್ ಉಚಿತ. ಬೆಲೆ ಹದಿನೈದರಿಂದ ಇಪ್ಪತ್ತು ಸಾವಿರ. ಎಲ್ಲ ಗೇಮ್‌ಗಳೂ ಓಡುತ್ತವೆ, ಮುಂದೆ ಅಪ್‌ಗ್ರೇಡ್ ಕೂಡ ಮಾಡಿಕೊಳ್ಳಬಹುದು. ಈ ಧಾಟಿಯ ಸಂದೇಶ ವಾಟ್ಸ್‌ಆ್ಯಪ್ ಗುಂಪಿನಲ್ಲೋ ರೀಲ್ಸ್‌ನಲ್ಲೋ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಂಥ ಊರುಗಳಲ್ಲಿ ಹತ್ತು ಅಂಗಡಿ ಸುತ್ತಿ ಬಿಡಿಭಾಗಗಳನ್ನು ಹೋಲಿಸಿ ನೋಡುವ ಅನುಕೂಲ ಬೆಂಗಳೂರಿನಷ್ಟಿಲ್ಲ. ಹಾಗಾಗಿ ಫೋನಿಗೆ ಬಂದ ಸಂದೇಶವೇ ಎಷ್ಟೋ ಮನೆಗಳಲ್ಲಿ ಕೊಳ್ಳುವ ನಿರ್ಧಾರವಾಗಿಬಿಡುತ್ತದೆ. ಓದಿಗೂ ಆಗುತ್ತದೆ, ಆಟಕ್ಕೂ ಆಗುತ್ತದೆ ಎಂದು ಅಪ್ಪ ಅಮ್ಮ ದುಡ್ಡು ಹೊಂದಿಸುತ್ತಾರೆ.

ಈ ಸಂದೇಶಗಳಲ್ಲಿ ಬಹುತೇಕ ಪದಗಳು ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ.

ಯಾವ ಐ7?

ಇಂಟೆಲ್ ಕಂಪನಿ ಐ7 ಎಂಬ ಹೆಸರನ್ನು 2008ರಿಂದ ಬಳಸುತ್ತಿದೆ. ಐ7 ಅನ್ನುವುದು ದರ್ಜೆಯ ಹೆಸರು, ವಯಸ್ಸಿನ ಗುರುತಲ್ಲ. ವಯಸ್ಸು ಗೊತ್ತಾಗುವುದು ಅದರ ಮುಂದಿನ ಅಂಕಿಯಿಂದ. ಐ7-2600 ಅಂದರೆ 2ನೇ ತಲೆಮಾರು, 2011ರದ್ದು. ಐ7-3770 ಬಂದದ್ದು 2012ರಲ್ಲಿ, ಐ7-4770 ಬಂದದ್ದು 2013ರಲ್ಲಿ. ಅಗ್ಗದ ಜಾಹೀರಾತುಗಳಲ್ಲಿ ಸಿಗುವುದು ಹೆಚ್ಚಾಗಿ ಇವೇ. ಕಚೇರಿಗಳು ಹತ್ತು ವರ್ಷ ದುಡಿಸಿ ಹೊರಹಾಕಿದ ಕಂಪ್ಯೂಟರುಗಳಿಂದ ತೆಗೆದ ಪ್ರೊಸೆಸರನ್ನು ಹೊಸ ಕ್ಯಾಬಿನೆಟ್ಟಿನಲ್ಲಿ ಕೂರಿಸಿರುತ್ತಾರೆ. 2022ರ ಆರಂಭದಲ್ಲಿ ಬಂದ ಐ3-12100ರಲ್ಲೂ ಐ7-4770ರಂತೆ ನಾಲ್ಕೇ ಕೋರ್ ಇವೆ. ಆದರೂ ವೇಗದಲ್ಲಿ ಆ ಐ3 ಈ ಐ7ನ್ನು ಸುಲಭವಾಗಿ ಹಿಂದಿಕ್ಕುತ್ತದೆ. ಜಾಹೀರಾತಿನಲ್ಲಿ ಪೂರ್ತಿ ಸಂಖ್ಯೆ ಇಲ್ಲದೆ ಬರೀ ಐ7 ಅಂತ ಇದ್ದರೆ, ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಹಳೆಯದಾದರೇನು, ಓಡಿದರೆ ಸಾಲದೇ? ಟೈಪಿಂಗ್, ಆನ್‌ಲೈನ್ ಕ್ಲಾಸ್, ಹಳೆಯ ಆಟಗಳಿಗೆ ಸಾಲುತ್ತದೆ, ಆ ಕೆಲಸಕ್ಕೆಂದು ಆ ಬೆಲೆಗೆ ತಿಳಿದು ಕೊಂಡರೆ ಮೋಸವೇನಿಲ್ಲ. ಹೊಸ ಆಟಗಳ ವಿಷಯ ಬೇರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್‌ನಲ್ಲಾದರೆ ಕೆಲವು ಅಪವಾದ ಬಿಟ್ಟು 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅಡ್ಡದಾರಿಯಲ್ಲಿ ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಾಕಿ ಕೊಡುವವರಿದ್ದಾರೆ. ಆದರೆ ವಾಲರಂಟ್ ಆಟ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ಇವೆಯೇ ಎಂದು ಪರೀಕ್ಷಿಸುತ್ತದೆ, ಇಲ್ಲದಿದ್ದರೆ ತೆರೆದುಕೊಳ್ಳುವುದೇ ಇಲ್ಲ. ಬಿಜಿಎಂಐ ಆಡಲೆಂದೇ ಪಿಸಿ ಕೊಳ್ಳಲು ಹೊರಟವರಿಗೂ ಒಂದು ಮಾತು: ಅದಕ್ಕೆ ಅಧಿಕೃತ ಪಿಸಿ ಆವೃತ್ತಿ ಇಲ್ಲ, ಎಮ್ಯುಲೇಟರ್‌ನಲ್ಲಿ ಆಡಿದರೆ ಖಾತೆಯೇ ನಿಷೇಧವಾಗಬಹುದು. ಪಿಸಿಯಲ್ಲಿ ಇರುವುದು ಪಬ್‌ಜಿ ಬ್ಯಾಟಲ್‌ಗ್ರೌಂಡ್ಸ್. 2022ರ ಜನವರಿಯಿಂದ ಉಚಿತವಾಗಿರುವ ಆ ಆಟ ಫೋನಿನ ಆಟಕ್ಕಿಂತ ಎಷ್ಟೋ ಪಾಲು ಭಾರ.

4 ಜಿಬಿ ಕಾರ್ಡ್ ಎಂಬ ಲೆಕ್ಕ

ಗ್ರಾಫಿಕ್ಸ್ ಕಾರ್ಡಿನ ಜಿಬಿ ಅಂದರೆ ಗೋದಾಮಿನ ಅಳತೆ. ಗೋದಾಮಿನಿಂದ ಸರಕು ಹೊರಬರುವ ಬಾಗಿಲು ಎಷ್ಟು ಅಗಲ, ಒಳಗೆ ಎಷ್ಟು ಜನ ಕೆಲಸಗಾರರಿದ್ದಾರೆ ಎಂಬುದನ್ನು ಅದು ಹೇಳುವುದಿಲ್ಲ. ಅಗ್ಗದ ಪಿಸಿಗಳಲ್ಲಿ ಹೆಚ್ಚಾಗಿ ಕಾಣುವ ಜಿಟಿ 730 ಕಾರ್ಡ್ 2014ರದ್ದು. ಡಿಡಿಆರ್3 ಮೆಮೊರಿ, 64 ಬಿಟ್ ದಾರಿ ಇರುವ ಆವೃತ್ತಿಯಲ್ಲಿ ಸೆಕೆಂಡಿಗೆ ಸುಮಾರು 14 ಜಿಬಿ ಮಾಹಿತಿ ಹರಿಯುತ್ತದೆ. 2019ರ ಜಿಟಿಎಕ್ಸ್ 1650ರಲ್ಲೂ ಇರುವುದು ಅದೇ 4 ಜಿಬಿ, ಹರಿವು ಮಾತ್ರ ಸೆಕೆಂಡಿಗೆ 128 ಜಿಬಿ. 2023ರ ಆರ್‌ಟಿಎಕ್ಸ್ 4060ರಲ್ಲಿ 272. ಮೂರು ಕಾರ್ಡಿನ ಜಿಬಿ ಮಾತ್ರ ನೋಡಿದವರಿಗೆ ಈ ಅಂತರ ಕಾಣುವುದೇ ಇಲ್ಲ.

ಹಾಗೆಂದು ಜಿಬಿ ಲೆಕ್ಕಕ್ಕಿಲ್ಲ ಅಂತಲೂ ಅಲ್ಲ. ಇತ್ತೀಚಿನ ಕೆಲವು ಆಟಗಳು 1080ಪಿ ಪರದೆಯಲ್ಲೂ 8 ಜಿಬಿಯನ್ನು ತುಂಬಿಬಿಡುತ್ತವೆ. ಸರಿಯಾದ ತಲೆಮಾರಿನ ಕಾರ್ಡನ್ನು ಆರಿಸಿದ ಮೇಲೆ 8 ಬೇಕೋ 16 ಬೇಕೋ ಎಂಬ ಪ್ರಶ್ನೆ ಬರಬೇಕು. 2025ರಲ್ಲಿ ಬಂದ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ ಬಗೆಯಲ್ಲಿ ಸಿಗುತ್ತದೆ. ನಾಲ್ಕೈದು ವರ್ಷ ಇಟ್ಟುಕೊಳ್ಳುವವರು, ಕೈಗೆಟುಕಿದರೆ, 16 ಜಿಬಿಯದ್ದನ್ನು ತೆಗೆದುಕೊಳ್ಳುವುದು ಮೇಲು. ಆ ದುಡ್ಡನ್ನು ಲೈಟು, ಗಾಜಿನ ಕ್ಯಾಬಿನೆಟ್ಟಿನಿಂದ ಕಡಿತ ಮಾಡಿ.

ಅಪ್‌ಗ್ರೇಡ್ ಆಗುವುದು ಯಾವುದು?

ಇದನ್ನು ನಿರ್ಧರಿಸುವುದು ಪ್ರೊಸೆಸರ್ ಕೂರುವ ಸಾಕೆಟ್. ಎಎಂಡಿಯ ಎಎಂ4 ಸಾಕೆಟ್ ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಬಿ350 ಮದರ್‌ಬೋರ್ಡ್ ಮೇಲೆ ರೈಜನ್ 3 1200 ಹಾಕಿಸಿಕೊಂಡವರಲ್ಲಿ ಅನೇಕರು, 2022ರ ನಂತರ ಬಯೋಸ್ ಅಪ್‌ಡೇಟ್ ಮಾಡಿ, ಅದೇ ಬೋರ್ಡಿಗೆ ರೈಜನ್ 5000 ಸರಣಿಯ ಪ್ರೊಸೆಸರ್ ಕೂರಿಸಲು ಸಾಧ್ಯವಾಯಿತು. ಐದು ವರ್ಷದ ನಂತರವೂ ರ‍್ಯಾಮ್, ಕ್ಯಾಬಿನೆಟ್, ಬೋರ್ಡ್ ಎಲ್ಲ ಹಾಗೇ ಉಳಿದವು. ಇಂಟೆಲ್‌ನಲ್ಲಿ ಸಾಕೆಟ್ ಬೇಗ ಬದಲಾಗುತ್ತದೆ: 12, 13, 14ನೇ ತಲೆಮಾರಿಗೆ ಎಲ್‌ಜಿಎ 1700 ಇತ್ತು, 2024ರ ಕೊನೆಗೆ ಅದರ ಜಾಗಕ್ಕೆ ಎಲ್‌ಜಿಎ 1851 ಬಂತು. ಎಎಂ4ರ ಉತ್ತರಾಧಿಕಾರಿ ಎಎಂ5 ಬಂದದ್ದು 2022ರಲ್ಲಿ. ಇದಕ್ಕೆ ಕನಿಷ್ಠ 2027ರವರೆಗೆ ಬೆಂಬಲ ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಹೀಗಾಗಿ ಇವತ್ತು ಅಪ್‌ಗ್ರೇಡ್ ಎಂಬ ಮಾತಿಗೆ ಹೆಚ್ಚು ಅರ್ಥ ಇರುವುದು ಬಿ650ಯಂಥ ಎಎಂ5 ಬೋರ್ಡ್, ಅದರ ಮೇಲೊಂದು ರೈಜನ್ 5 7600ರಲ್ಲಿ.

ಸರಳವಾಗಬೇಕಿದ್ದ ಈ ಸಲಹೆಯನ್ನು ರ‍್ಯಾಮ್ ಬೆಲೆ ಹಾಳು ಮಾಡಿದೆ. ಎಎಂ5ಗೆ ಡಿಡಿಆರ್5 ರ‍್ಯಾಮೇ ಬೇಕು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್‌ಗಳ ಬೇಡಿಕೆ ಏರಿ, 2025ರ ಕೊನೆಯ ತಿಂಗಳುಗಳಲ್ಲಿ ಡಿಡಿಆರ್5 ಬೆಲೆ ದುಪ್ಪಟ್ಟಿಗೂ ಮೇಲೆ ಹೋಯಿತು. ಮೈಕ್ರಾನ್ ಕಂಪನಿಯಂತೂ ಕ್ರೂಶಿಯಲ್ ಹೆಸರಿನಲ್ಲಿ ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್ ಮಾರುವ ವ್ಯವಹಾರದಿಂದಲೇ ಹೊರಬರುವುದಾಗಿ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹಾಗಾಗಿ ಕಳೆದ ವರ್ಷದ ವಿಡಿಯೊ ನೋಡಿ ಬಜೆಟ್ ಹಾಕಿದರೆ ಲೆಕ್ಕ ತಪ್ಪುತ್ತದೆ. ಒಂದೇ 16 ಜಿಬಿ ಕಡ್ಡಿ ಹಾಕಿ, ಇನ್ನೊಂದು ಸ್ಲಾಟ್ ಖಾಲಿ ಬಿಟ್ಟು, ಬೆಲೆ ಇಳಿದಾಗ ಮತ್ತೊಂದು ಸೇರಿಸುವುದು ಒಂದು ದಾರಿ. ಎರಡು ಕಡ್ಡಿ ಜೋಡಿಯಾಗಿ ಕೊಡುವ ವೇಗದಲ್ಲಿ ಅಲ್ಲಿಯವರೆಗೆ ಸ್ವಲ್ಪ ಖೋತಾ ಆಗುತ್ತದೆ, ಅಷ್ಟೇ. ಎರಡು 8 ಜಿಬಿ ಹಾಕಿದರೆ ಈಗ ವೇಗ ಚೆನ್ನ, ಆದರೆ ಎರಡೇ ಸ್ಲಾಟ್ ಇರುವ ಬೋರ್ಡಿನಲ್ಲಿ ಮುಂದೆ ಎರಡನ್ನೂ ತೆಗೆದು ಮಾರಬೇಕು. ಮನೆಯಲ್ಲಿ ಚೆನ್ನಾಗಿರುವ ಡಿಡಿಆರ್4 ಕಡ್ಡಿಗಳು ಈಗಾಗಲೇ ಇದ್ದರೆ, ಎಎಂ4 ಬೋರ್ಡ್, ರೈಜನ್ 5 5600 ಇವತ್ತಿಗೂ ಜಾಣತನದ ಆಯ್ಕೆ. ಮುಂದಿನ ದಾರಿ ಚಿಕ್ಕದು ಎಂಬುದು ಗೊತ್ತಿದ್ದರೆ ಸಾಕು. ಡಿಡಿಆರ್4, ಡಿಡಿಆರ್5 ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ, ಕಡ್ಡಿಯ ಕಚ್ಚು ಬೇರೆ ಜಾಗದಲ್ಲಿದೆ.

ದೊಡ್ಡ ಕಂಪನಿಗಳ ಹಳೆಯ ಆಫೀಸ್ ಪಿಸಿ ಕೊಂಡು ಕಾರ್ಡ್ ಹಾಕಿಸುವ ಉಪಾಯವೂ ಹರಿದಾಡುತ್ತದೆ. ಅಂಥ ಹಲವು ಪೆಟ್ಟಿಗೆಗಳಲ್ಲಿ ಪವರ್ ಸಪ್ಲೈ, ಬೋರ್ಡ್ ಎರಡೂ ಆ ಕಂಪನಿಯದೇ ಅಳತೆಯವು, ಮಾರುಕಟ್ಟೆಯ ಬಿಡಿಭಾಗ ಹೊಂದುವುದಿಲ್ಲ. ತೆಳ್ಳನೆಯ ಪೆಟ್ಟಿಗೆಯಲ್ಲಿ ಗಿಡ್ಡ ಕಾರ್ಡ್ ಬಿಟ್ಟು ಬೇರೇನೂ ಹಿಡಿಯುವುದಿಲ್ಲ.

ಯಾರೂ ಫಾರ್ವರ್ಡ್ ಮಾಡದ ಭಾಗ

ಫಾರ್ವರ್ಡ್‌ಗಳಲ್ಲಿ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್, ಹೆಸರೇ ಇರುವುದಿಲ್ಲ. ಇದ್ದರೂ ‘450 ವ್ಯಾಟ್’ ಅಂತ ಮುಗಿಸಿರುತ್ತಾರೆ. ಡಬ್ಬದ ಮೇಲಿನ ದೊಡ್ಡ ಅಂಕಿ ನಂಬಬೇಡಿ, ಪಕ್ಕದ ಚೀಟಿ ಓದಿ. ಅದರಲ್ಲಿ +12ವಿ ಎಂಬ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಆ ಸಾಲಿನಿಂದಲೇ. ಅಲ್ಲಿ 14 ಆಂಪಿಯರ್ ಇದ್ದರೆ 12ರಿಂದ ಗುಣಿಸಿ: 168 ವ್ಯಾಟ್. ಹೊರಗೆ 450 ಅಂತ ಬರೆದಿದ್ದರೂ ಆಟಕ್ಕೆ ಸಿಗುವುದು ಅಷ್ಟೇ. ಒಳ್ಳೆಯ 550 ವ್ಯಾಟ್ ಘಟಕದಲ್ಲಿ ಇದೇ ಸಾಲು 45 ಆಂಪಿಯರ್ ಆಸುಪಾಸಿನಲ್ಲಿರುತ್ತದೆ, ಅಂದರೆ 540 ವ್ಯಾಟ್.

ಬೇಕಾಗುವುದೆಷ್ಟು? ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್, ರೈಜನ್ 5 7600ಕ್ಕೆ ಗರಿಷ್ಠ 88, ಉಳಿದದ್ದಕ್ಕೆ ಐವತ್ತು ಇಟ್ಟರೂ 250ರ ಆಸುಪಾಸು. 550 ಧಾರಾಳ. ನಾಳೆ ದೊಡ್ಡ ಕಾರ್ಡ್ ಹಾಕುವ ಆಸೆ ಇದ್ದರೆ 650. ‘80 ಪ್ಲಸ್’ ಮುದ್ರೆ ವಿದ್ಯುತ್ ಪೋಲು ಕಡಿಮೆ ಎಂಬುದಕ್ಕೆ ಮಾತ್ರ ಸಾಕ್ಷಿ, ಸುರಕ್ಷತೆಗೆ ವಾರಂಟಿ ಅವಧಿಯನ್ನೂ ಬ್ರ್ಯಾಂಡನ್ನೂ ನೋಡಿ.

ನಮ್ಮ ಕಡೆ ಇದು ಇನ್ನಷ್ಟು ಮುಖ್ಯ. ಹಳ್ಳಿ ಲೈನಿನಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುವುದು ಎಲ್ಲರಿಗೂ ಗೊತ್ತು. ಅದಕ್ಕೆ ಸ್ಟೆಬಿಲೈಸರ್ ಹಾಕಿ ಅನ್ನುತ್ತಾರೆ. ಚೀಟಿಯಲ್ಲಿ 100–240ವಿ ಅಂತ ಇರುವ ಎಸ್‌ಎಂಪಿಎಸ್ 170 ವೋಲ್ಟ್ ಬಂದರೂ ನಡೆಯುತ್ತದೆ, ಅದಕ್ಕೆ ಸ್ಟೆಬಿಲೈಸರ್ ಬೇಕಿಲ್ಲ. 200–240 ಅಂತಷ್ಟೇ ಇದ್ದರೆ ಪಕ್ಕಕ್ಕಿಡಿ. ನಿಜವಾಗಿ ಬೇಕಾದದ್ದು ಯುಪಿಎಸ್, ಫಕ್ಕನೆ ಕರೆಂಟ್ ಹೋದಾಗ ಸರಿಯಾಗಿ ಆಫ್ ಮಾಡುವಷ್ಟು ಹೊತ್ತಿಗೆ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಆಟದ ಮಧ್ಯೆ ಮಾನಿಟರೂ ಸೇರಿದರೆ ಅದು ಏದುಸಿರು ಬಿಡುತ್ತದೆ, 1 ಕೆವಿಎ ಉತ್ತಮ.

ಇನ್ನು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುವ ಸಮಸ್ಯೆ. ಪಿಸಿ ಕೆಟ್ಟಿದೆ, ಎಸ್‌ಎಂಪಿಎಸ್ ಬದಲಿಸಿ ಎಂದು ಹೇಳುವವರಿದ್ದಾರೆ. ಹೆಚ್ಚಿನ ಸಲ ಕೆಟ್ಟಿರುವುದು ಮನೆಯ ಅರ್ಥಿಂಗ್. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ತೀರಾ ಸಣ್ಣ ಸೋರಿಕೆಯನ್ನು ಅರ್ಥ್ ತಂತಿಗೆ ಕಳಿಸುವಂತೆಯೇ ರಚನೆಯಾಗಿರುತ್ತವೆ. ಅರ್ಥ್ ಇಲ್ಲದಿದ್ದರೆ ಅದು ಲೋಹದ ಪೆಟ್ಟಿಗೆಯಲ್ಲೇ ನಿಂತು, ಪೆಟ್ಟಿಗೆ 115 ವೋಲ್ಟ್ ಆಸುಪಾಸು ತೋರಿಸುತ್ತದೆ. ಜುಮ್ ಅನ್ನುವುದು ಅದೇ. ರಾಮನಗರದ ಬೆಟ್ಟಗಳ ಬಂಡೆಗೆ ಭೂವಿಜ್ಞಾನಿಗಳು ಊರಿನ ಹಳೆಯ ಹೆಸರಿನಿಂದಲೇ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಇಂಥ ಕಲ್ಲುನೆಲ ವಿದ್ಯುತ್ತನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ, ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಇನ್ನೂ ಕಷ್ಟ. ಪಿಸಿ ತರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸುವ ಅಡಾಪ್ಟರ್ ಬಳಸಲೇಬೇಡಿ.

ಗೇಮಿಂಗ್ ಪಿಸಿ ಇಟ್ಟರೆ ಗೃಹಜ್ಯೋತಿ ಹೋಗಿಬಿಡುತ್ತದೆಯೇ? ಮಾನಿಟರೂ ಸೇರಿ 300 ವ್ಯಾಟ್ ಅಂದುಕೊಳ್ಳಿ, ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ 36 ಯೂನಿಟ್. 2022–23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಉಚಿತ ಮಿತಿ ಲೆಕ್ಕ ಹಾಕಲಾಗಿದೆ. ಸರಾಸರಿ 60 ಇದ್ದ ಮನೆಗೆ 66 ಉಚಿತ. ಈಗ ಬಳಕೆ 96 ಆದರೆ ಹೆಚ್ಚಿನ 30 ಯೂನಿಟ್‌ಗೆ ಮಾತ್ರ, ಸುಮಾರು 6 ರೂಪಾಯಿಯಂತೆ, ಬಿಲ್ ಬರುತ್ತದೆ. ತಿಂಗಳ ಒಟ್ಟು ಬಳಕೆ 200 ದಾಟಿದರೆ ಮಾತ್ರ ಪೂರ್ತಿ ಬಿಲ್ ಕಟ್ಟಬೇಕು. ಈಗಾಗಲೇ 170, 180 ಉರಿಸುವ ಮನೆಯವರು ಎಚ್ಚರ.

ಎಲ್ಲಿ, ಹೇಗೆ ಕೊಳ್ಳುವುದು?

ಮಾನಿಟರ್ ಬಿಟ್ಟು 70 ಸಾವಿರ ಇದ್ದರೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಗ್ರಾಫಿಕ್ಸ್ ಕಾರ್ಡಿಗೆ, ಹೆಚ್ಚುಕಡಿಮೆ ಅಷ್ಟೇ ಪ್ರೊಸೆಸರ್, ಬೋರ್ಡ್ ಎರಡಕ್ಕೂ ಸೇರಿ, ಉಳಿದದ್ದರಲ್ಲಿ ರ‍್ಯಾಮ್, ಎನ್‌ವಿಎಂಇ ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್. ಕ್ಯಾಬಿನೆಟ್ಟಿನ ಮುಂಭಾಗ ಜಾಲರಿಯದ್ದಿರಲಿ, ಗಾಜು ಬೇಡ. ಕಲ್ಲುಕ್ವಾರಿ ಧೂಳಿರುವ ಕಡೆ ಬಿಚ್ಚಿ ತೊಳೆಯುವ ಫಿಲ್ಟರ್ ಬೇಕೇ ಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಂದು ದಿನ ಹೋಗಿಬರುವುದು ದಂಡವಲ್ಲ. ರಾಮನಗರ, ಚನ್ನಪಟ್ಟಣದವರು ರೈಲಿನಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಮೆಟ್ರೊದಲ್ಲಿ ಚಿಕ್ಕಪೇಟೆಗೆ ಇಳಿಯಬಹುದು. ಕನಕಪುರದವರಿಗೆ ಸಿಲ್ಕ್ ಇನ್‌ಸ್ಟಿಟ್ಯೂಟ್‌ನಿಂದ ಅದೇ ಹಸಿರು ಮಾರ್ಗ ನೇರವಾಗಿದೆ. ಪ್ರತಿ ಭಾಗದ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ, ಬಿಲ್ ಬೇಡವೆಂದರೆ ಕಡಿಮೆಗೆ ಕೊಡುತ್ತೇವೆ ಎಂಬ ಆಮಿಷಕ್ಕೆ ವಾರಂಟಿಯನ್ನೇ ಬಿಟ್ಟುಕೊಡಬೇಕಾದೀತು. ಸೆಕೆಂಡ್‌ಹ್ಯಾಂಡ್ ಕಾರ್ಡ್ ಆದರೆ ಅಲ್ಲೇ ಆನ್ ಮಾಡಿಸಿ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿ. ಹಳೆಯ ಕಾರ್ಡಿಗೆ ಹೊಸ ಹೆಸರು ತುಂಬಿ ಮಾರಿರುವ ಎಷ್ಟೋ ನಕಲಿಗಳನ್ನು ಅದು ನಕಲಿ ಎಂದೇ ತೋರಿಸುತ್ತದೆ. ನೋಡದ ಮಾಲಿಗೆ ಯುಪಿಐನಲ್ಲಿ ಮುಂಗಡ ಕಳಿಸಿ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ದುಡ್ಡು ಖಾತೆಯಿಂದ ಖಾತೆಗೆ ದಾಟುವ ಮೊದಲು ತಡೆಯಲು ಅವಕಾಶವಿರುವುದು ಆಗಲೇ. ಬಿಲ್ ಇದ್ದೂ ಅಂಗಡಿಯವರು ವಾರಂಟಿ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.