ನರ್ಮದೆಯ ಈಚೆಗೆ ನಮ್ಮ ತೈಲಪ

ಕೆಲಸದ ಮೇಲೆ ವಾರಕ್ಕೆರಡು ಸಲ ವಡೋದರಾದಿಂದ ಸೂರತ್‌ಗೆ ರೈಲಿನಲ್ಲಿ ಹೋಗಿಬರುವವನು ನಾನು. ಭರೂಚ್ ದಾಟುತ್ತಿದ್ದಂತೆ ನರ್ಮದೆಯ ಸೇತುವೆ ಬರುತ್ತದೆ. ಕಿಟಕಿ ಪಕ್ಕದವರು ಕೈಮುಗಿಯುತ್ತಾರೆ. ನನಗೆ ಮಾತ್ರ ಪ್ರತಿ ಸಲವೂ ಶಾಲೆಯ ಪಾಠ ನೆನಪಾಗುತ್ತದೆ. ಉತ್ತರದ ಹರ್ಷವರ್ಧನನನ್ನು ನಮ್ಮ ಪುಲಕೇಶಿ ತಡೆದು ನಿಲ್ಲಿಸಿದ್ದು ಇದೇ ನದಿಯ ಬಳಿ ಅಲ್ಲವೇ? ಎದೆ ಸ್ವಲ್ಪ ಉಬ್ಬುತ್ತದೆ.

ಆ ಹೆಮ್ಮೆಗೆ ಪೆಟ್ಟು ಕೊಟ್ಟವಳು ನನ್ನ ಮಗಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಮಾತಾಡುತ್ತಾಳೆ, ಓದುವುದಕ್ಕೆ ತಿಣುಕುತ್ತಾಳೆ. ಗುಜರಾತಿಯಾದರೆ ನೀರು ಕುಡಿದಷ್ಟು ಸುಲಭ. ಒಂದು ದಿನ ಕಾಲೇಜಿನಿಂದ ಕೆ. ಎಂ. ಮುನ್ಶಿಯವರ 'ಪೃಥ್ವೀವಲ್ಲಭ' ತಂದು ಎರಡೇ ದಿನದಲ್ಲಿ ಮುಗಿಸಿ, "ಅಪ್ಪಾ, ಇದರಲ್ಲಿ ನಿಮ್ಮ ಕಡೆಯ ರಾಜ ಇದ್ದಾನೆ. ಆದರೆ ಅವನೇ ವಿಲನ್" ಅಂದಳು.

ವಿಲನ್ ಅಂದದ್ದಕ್ಕಿಂತ 'ನಿಮ್ಮ ಕಡೆಯ' ಅಂದದ್ದು ಹೆಚ್ಚು ಚುಚ್ಚಿತು. ಅಕ್ಷರ ಕೂಡಿಸಿಕೊಂಡು ರೈಲಿನಲ್ಲಿ ನಾನೂ ಓದಲು ಕೂತೆ.

1921ರ ಕಾದಂಬರಿ ಅದು. ಮಾಳವದ ದೊರೆ ಮುಂಜ ಸೋತು ತೈಲಪನ ಸೆರೆಯಾಳಾಗಿ ಮಾನ್ಯಖೇಟಕ್ಕೆ ಬರುತ್ತಾನೆ. ಮಾನ್ಯಖೇಟವೆಂದರೆ ಕಲಬುರಗಿ ಜಿಲ್ಲೆಯ ನಮ್ಮ ಮಳಖೇಡ. ಸೆರೆಯಲ್ಲಿದ್ದರೂ ಮುಂಜ ನಗುತ್ತಾನೆ, ಯಾರಿಗೂ ಬಗ್ಗುವುದಿಲ್ಲ. ಅವನ ಗರ್ವ ಮುರಿಯಲು ಹೊರಟ ತೈಲಪನ ಅಕ್ಕ ಮೃಣಾಲವತಿ ಅವನಿಗೇ ಮನಸೋಲುತ್ತಾಳೆ. ತೈಲಪನೋ ಸಣ್ಣ ಮನಸ್ಸಿನವನು, ಹಗೆ ಸಾಧಿಸುವವನು. ಮುಂಜನಿಗೆ ಬೀದಿಯಲ್ಲಿ ಭಿಕ್ಷೆ ಬೇಡಿಸಿ, ಕೊನೆಗೆ ಆನೆಯ ಕಾಲಿಗೆ ಹಾಕಿಸುತ್ತಾನೆ.

ನನಗೆ ಸಿಟ್ಟೇ ಬಂತು. ಮುನ್ಶಿ ತೈಲಪನನ್ನು ತೈಲಂಗಣದ ರಾಜ ಅನ್ನುತ್ತಾರೆ. ನಮಗೆ ಅವನು 973ರಲ್ಲಿ ರಾಷ್ಟ್ರಕೂಟರನ್ನು ಸೋಲಿಸಿ ಚಾಲುಕ್ಯರ ಆಳ್ವಿಕೆಯನ್ನು ಮತ್ತೆ ಎತ್ತಿ ನಿಲ್ಲಿಸಿದವನು, ರನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟವನು. 'ಗದಾಯುದ್ಧ'ದಲ್ಲಿ ರನ್ನ ಭೀಮನಿಗೆ ಹೋಲಿಸಿದ್ದು ಇವನ ಮಗ ಸತ್ಯಾಶ್ರಯನನ್ನೇ. ಅಷ್ಟೇಕೆ, 'ಪೃಥ್ವೀವಲ್ಲಭ' ಅನ್ನುವುದೂ ಚಾಲುಕ್ಯರು ಹೊತ್ತ ಬಿರುದು. ಮುಂಜನೂ ಅದನ್ನು ಧರಿಸಿದ್ದ.

ಪುಸ್ತಕ ಮುಚ್ಚಿಟ್ಟೆ. ಆದರೆ ನಾಲ್ಕು ದಿನ ಕಳೆದರೂ ಮುಂಜನ ನಗು ಮನಸ್ಸಿನಿಂದ ಹೋಗಲಿಲ್ಲ. ಮತ್ತೆ ತೆಗೆದೆ. ಕೊನೆಯ ಪುಟ ಬರುವಾಗ ಆನೆಯ ಮುಂದೆ ನಿಂತವನು ಉಳಿಯಲಿ ಎಂದು ನಾನೇ ಬಯಸುತ್ತಿದ್ದೆ. ನಮ್ಮ ರಾಜನ ಸೆರೆಯಾಳಿಗಾಗಿ!

ಐತಿಹಾಸಿಕ ಕಾದಂಬರಿಯ ನಿಜವಾದ ಸುಖ ಇದೇ ಇರಬೇಕು. ಪಾಠದ ಪುಸ್ತಕ ನಮ್ಮನ್ನು ನಮ್ಮ ದಡದಲ್ಲೇ ನಿಲ್ಲಿಸುತ್ತದೆ. ಕಾದಂಬರಿ ದೋಣಿ ಹತ್ತಿಸಿ ಆಚೆ ದಡಕ್ಕೆ ಕರೆದೊಯ್ಯುತ್ತದೆ. ಓದಿ ಮುಗಿಸಿದ ಮೇಲೆ, ಇದರಲ್ಲಿ ನಿಜವೆಷ್ಟು ಎಂದು ಹುಡುಕುವುದು ಎರಡನೆಯ ಸುಖ. ಮುಂಜ ತೈಲಪನಿಗೆ ಸೋತದ್ದು ಇತಿಹಾಸ. ಮೃಣಾಲವತಿಯ ಕಥೆ ಸಿಗುವುದು ಸುಮಾರು 300 ವರ್ಷಗಳ ಮೇಲೆ ಗುಜರಾತಿನ ಜೈನ ವಿದ್ವಾಂಸ ಮೇರುತುಂಗ ಬರೆದ 'ಪ್ರಬಂಧ ಚಿಂತಾಮಣಿ'ಯಲ್ಲಿ. ಗೋದಾವರಿ ದಾಟಬೇಡ ಎಂದು ಮಂತ್ರಿ ರುದ್ರಾದಿತ್ಯ ಎಷ್ಟು ಹೇಳಿದರೂ ಮುಂಜ ಕೇಳಲಿಲ್ಲ ಅನ್ನುತ್ತದೆ ಆ ಗ್ರಂಥ. ಅವರಿಗೆ ಗೋದಾವರಿ, ನಮಗೆ ನರ್ಮದೆ. ಗೆದ್ದ ನದಿಯನ್ನು ನೆನಪಿಟ್ಟುಕೊಂಡಷ್ಟು ಸೋತ ನದಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಹಾಗಾದರೆ ಗುಜರಾತಿನವರು ತಮ್ಮ ರಾಜರನ್ನು ಮಾತ್ರ ಹೊಗಳುತ್ತಾರೆಯೇ? ಮಗಳು ಇನ್ನೊಂದು ಪುಸ್ತಕ ಕೈಗಿಟ್ಟಳು: 'ಕರಣ ಘೇಲೊ'. ಸೂರತ್‌ನಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ನಂದಶಂಕರ ಮೆಹ್ತಾ 1866ರಲ್ಲಿ ಪ್ರಕಟಿಸಿದ, ಗುಜರಾತಿಯ ಮೊದಲ ಕಾದಂಬರಿ. ಘೇಲೊ ಅಂದರೆ ಹುಚ್ಚ. ಪಾಟಣದ ಕೊನೆಯ ವಾಘೇಲಾ ದೊರೆ ಕರಣ ಮಂತ್ರಿ ಮಾಧವನ ಹೆಂಡತಿಯನ್ನು ಹೊತ್ತೊಯ್ದ, ಮಂತ್ರಿ ದೆಹಲಿಗೆ ಹೋಗಿ ಅಲಾವುದ್ದೀನನ ಸೈನ್ಯ ಕರೆತಂದ, ರಾಜ್ಯ ಮುಳುಗಿತು. ತಮ್ಮ ದೊರೆಯನ್ನೇ ಹುಚ್ಚನೆಂದು ಹೆಸರಿಟ್ಟು ಬರೆದರು.

ಓದುತ್ತಿದ್ದಂತೆ ನನಗೆ ಮಾಸ್ತಿಯವರ 'ಚಿಕವೀರ ರಾಜೇಂದ್ರ' ನೆನಪಾಯಿತು. 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾದದ್ದಕ್ಕೆ ಮಾಸ್ತಿ ಇಂಗ್ಲಿಷರನ್ನಷ್ಟೇ ಬೈದು ಸುಮ್ಮನಾಗಲಿಲ್ಲ. ಅರಮನೆಯ ಒಳಗಿನ ಕೊಳೆಯನ್ನೂ ತೋರಿಸಿದರು. ಹಾಗೆಂದು ಆ ರಾಜನ ಮೇಲೆ ನಮಗೆ ಮರುಕ ಹುಟ್ಟದೆ ಇರುವುದಿಲ್ಲ. ಊರಿನಿಂದ ತಂದ ಟ್ರಂಕಿನ ತಳದಲ್ಲಿ ಅದರ ಹಳೆಯ ಪ್ರತಿ ಇತ್ತು.

ಈಗ ರಾತ್ರಿ ಊಟವಾದ ಮೇಲೆ ನಾನು ಓದುತ್ತೇನೆ, ಮಗಳು ಕೇಳುತ್ತಾಳೆ. ಗೊತ್ತಿಲ್ಲದ ಪದ ಬಂದರೆ ನಿಲ್ಲಿಸುತ್ತಾಳೆ. ಮೊನ್ನೆ ಒಂದು ಅಧ್ಯಾಯ ಮುಗಿದಾಗ, "ನಮ್ಮ ಕರಣನ ಥರಾನೇ ನಿಮ್ಮ ವೀರರಾಜ" ಅಂದಳು.

ಇನ್ನೂ 'ನಿಮ್ಮ'! ಇರಲಿ. ಕಥೆ ಅರ್ಧಕ್ಕಿಂತ ಹೆಚ್ಚು ಬಾಕಿ ಇದೆ. ಅದಾದ ಮೇಲೆ ತ.ರಾ.ಸು. ಅವರ 'ದುರ್ಗಾಸ್ತಮಾನ' ಕಾದಿದೆ. ನಿಮ್ಮ ಮನೆಯ ಟ್ರಂಕಿನ ತಳದಲ್ಲೂ ಇಂಥದ್ದೊಂದು ಇದ್ದೀತು. ತೆಗೆದು ದೂಳು ಕೊಡವಿ, ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ.