ನಗರದ ನೀರು, ನಾಗರಿಕರ ಮತ

ಜರ್ಮನಿಯ ರಾಜಧಾನಿ ಬರ್ಲಿನ್ ನಗರದ ಮತದಾರರು 2011ರ ಫೆಬ್ರವರಿ 13ರ ಭಾನುವಾರ ಮತಗಟ್ಟೆಗೆ ಹೋದದ್ದು ಯಾವ ಅಭ್ಯರ್ಥಿಯನ್ನೂ ಆರಿಸುವುದಕ್ಕಾಗಿ ಅಲ್ಲ. ತಾವು ಕುಡಿಯುವ ನೀರಿನ ವಿಚಾರದಲ್ಲಿ ತಮ್ಮ ಆಡಳಿತವು ಯಾರೊಡನೆ ಏನೆಂದು ಕರಾರು ಮಾಡಿಕೊಂಡಿದೆ ಎಂಬುದನ್ನು ತಿಳಿಯುವ ಹಕ್ಕಿಗಾಗಿ ಅವರು ಮತ ಚಲಾಯಿಸಿದರು.

1999ರಲ್ಲಿ ಆ ನಗರವು ತನ್ನ ನೀರು ಸರಬರಾಜು ಸಂಸ್ಥೆಯ ಶೇಕಡ 49.9ರಷ್ಟು ಪಾಲನ್ನು ಜರ್ಮನಿಯ ಆರ್‌ಡಬ್ಲ್ಯುಇ ಹಾಗೂ ಫ್ರಾನ್ಸಿನ ವಿವೆಂಡಿ ಕಂಪೆನಿಗಳಿಗೆ ಮಾರಿತ್ತು. ಬೊಕ್ಕಸ ಬರಿದಾಗಿತ್ತು, ಮಾರಾಟವೇ ಸುಲಭದ ದಾರಿಯಾಗಿ ಕಂಡಿತು. ಕಾಗದದ ಮೇಲೆ ಬಹುಪಾಲು ನಗರದ್ದೇ. ಆದರೆ ಕೊಂಡವರಿಗೆ ಲಾಭದ ಖಾತರಿ ನೀಡಿದ ಕರಾರುಗಳು ಜನರ ಕಣ್ಣಿಗೆ ಬೀಳಲಿಲ್ಲ. ನೀರಿನ ದರ ಮಾತ್ರ ಏರುತ್ತ ಹೋಯಿತು. ಮತದಾನಕ್ಕೆ ಕೆಲವು ತಿಂಗಳ ಮುನ್ನ ಆಡಳಿತವು ಕರಾರುಗಳನ್ನು ಪ್ರಕಟಿಸಿತಾದರೂ ಅಷ್ಟರಲ್ಲಿ ಜನರ ವಿಶ್ವಾಸ ಕಳೆದುಹೋಗಿತ್ತು. ಅಂದು 6,66,000ಕ್ಕೂ ಹೆಚ್ಚು ಮಂದಿ, ಅಂದರೆ ಮತ ಹಾಕಿದವರಲ್ಲಿ ಶೇಕಡ 98ರಷ್ಟು ಜನರು, ಎಲ್ಲ ಕರಾರುಗಳೂ ಬಹಿರಂಗವಾಗಲೆಂದರು. 2012 ಮತ್ತು 2013ರಲ್ಲಿ ನಗರವು ಆ ಪಾಲುಗಳನ್ನು ಮರಳಿ ಕೊಂಡಿತು. ಇದಕ್ಕೆ ತೆತ್ತ ಬೆಲೆ ನೂರು ಕೋಟಿ ಯೂರೋಗಳಿಗೂ ಅಧಿಕ. ಮಾರುವುದು ಒಂದು ಸಹಿಯ ಕೆಲಸ. ಮರಳಿ ಪಡೆಯುವುದು ಒಂದು ತಲೆಮಾರಿನ ಸಾಲ.

2013ರ ಸೆಪ್ಟೆಂಬರ್ 22ರಂದು ಹಾಂಬುರ್ಗ್ ನಗರದಲ್ಲಿ ವಿದ್ಯುತ್, ಅನಿಲ ಮತ್ತು ಶಾಖ ಪೂರೈಕೆಯ ಜಾಲಗಳನ್ನು ನಗರವು ಮರಳಿ ಪಡೆಯಬೇಕೆ ಎಂಬ ಪ್ರಶ್ನೆ ಮತಕ್ಕೆ ಬಂತು. ಮುಂದೆ ದೇಶದ ಚಾನ್ಸಲರ್ ಆದ ಅಂದಿನ ಮೇಯರ್ ಓಲಾಫ್ ಶೋಲ್ಜ್ ವಿರೋಧಿಸಿದರು. ಶೇಕಡ 50.9ರಷ್ಟು ಮತಗಳಿಂದ ಬೇಡಿಕೆ ಗೆದ್ದಿತು. ನಮ್ಮ ಓದುಗರಿಗೆ ಆಸಕ್ತಿಯ ಸಂಗತಿಯೊಂದಿದೆ: ಈ ಬೇಡಿಕೆಯ ಮುಂಚೂಣಿಯಲ್ಲಿದ್ದವರಲ್ಲಿ ಅಲ್ಲಿನ ಪ್ರೊಟೆಸ್ಟಂಟ್ ಧರ್ಮಸಭೆಯ ಒಂದು ವಿಭಾಗವೂ ಸೇರಿತ್ತು. ವಿದ್ಯುತ್ ತಂತಿಗಳ ವಿಚಾರದಲ್ಲಿ ಧರ್ಮಸಭೆಗೇನು ಕೆಲಸವೆಂದು ಆಕ್ಷೇಪಿಸಿದವರೂ ಇದ್ದರು.

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ನಳ್ಳಿಯ ನೀರನ್ನು ನಗರಸಭೆಯೇ ಕೊಡಬೇಕೆಂದಾಗಲಿ ಕಂಪೆನಿಯೇ ಕೊಡಬೇಕೆಂದಾಗಲಿ ಶುಭಸಂದೇಶವು ವಿಧಿಸುವುದಿಲ್ಲ. ಆದರೆ ಜಗದ್ಗುರು ಹನ್ನೊಂದನೆಯ ಪಿಯುಸ್ ಅವರು 1931ರ ತಮ್ಮ ವಿಶ್ವಪತ್ರದಲ್ಲಿ ಎರಡು ಮಾತುಗಳನ್ನು ಸ್ಪಷ್ಟಪಡಿಸಿದ್ದರು. ಕಿರಿಯ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ಹಿರಿಯ ಅಧಿಕಾರವು ಕಸಿದುಕೊಳ್ಳಬಾರದು. ಕೆಲವು ಬಗೆಯ ಒಡೆತನದಲ್ಲಿ ಅಡಗಿರುವ ಪ್ರಾಬಲ್ಯವು ಎಷ್ಟೊಂದೆಂದರೆ ಅದನ್ನು ಖಾಸಗಿ ಕೈಗಳಿಗೆ ಬಿಡುವುದು ಸಾರ್ವಜನಿಕ ಹಿತಕ್ಕೆ ಅಪಾಯಕರ. ಆ ಪತ್ರದ ಕರಡು ಸಿದ್ಧಪಡಿಸಿದವರು ಜರ್ಮನಿಯವರೇ ಆದ ಯೇಸುಸಭೆಯ ಗುರು ಓಸ್ವಾಲ್ಡ್ ಫಾನ್ ನೆಲ್-ಬ್ರೊಯ್ನಿಂಗ್. ಶುದ್ಧ ನೀರು ಮನುಷ್ಯನ ಮೂಲಭೂತ ಹಕ್ಕೆಂದು ಜಗದ್ಗುರು ಫ್ರಾನ್ಸಿಸ್ ಅವರು 2015ರಲ್ಲಿ ಬರೆದರು. ಅದನ್ನು ಮಾರುಕಟ್ಟೆಯ ಸರಕಾಗಿಸುವ ಪ್ರವೃತ್ತಿಯ ಬಗ್ಗೆ ಎಚ್ಚರಿಸಿದರು.

ಸರಕಾರಿ ಒಡೆತನವೆಂದರೆ ಸೇವೆ, ಖಾಸಗಿಯೆಂದರೆ ಸುಲಿಗೆ ಎಂಬ ಸರಳ ಸೂತ್ರವನ್ನು ಈ ಅಂಕಣ ಒಪ್ಪುವುದಿಲ್ಲ. ಮೂರು ದಿನಕ್ಕೊಮ್ಮೆ ನೀರು ಬಿಡುವ ನಗರಸಭೆಯನ್ನು ಹೊಗಳಲು ಯಾವ ಗೃಹಿಣಿಯೂ ಮುಂದಾಗಲಾರಳು. ವಿವೆಂಡಿಯ ನೀರಿನ ವ್ಯವಹಾರವೇ ಮುಂದೆ ವಿಯೋಲಿಯಾ ಎಂಬ ಹೆಸರು ಪಡೆಯಿತು. ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಹರಿಸಿದ್ದು ಅದೇ ಕಂಪೆನಿ. ಅಲ್ಲಿನ ಮನೆಗಳಿಗೆ ಅನುಕೂಲವಾದದ್ದು ನಿಜ. ಆ ಏರ್ಪಾಡಿಗೆ ನಾಗರಿಕರ ಮತ ಕೇಳಲಿಲ್ಲವೆಂಬುದೂ ಅಷ್ಟೇ ನಿಜ. ಸಂವಿಧಾನದ 74ನೆಯ ತಿದ್ದುಪಡಿಯು ನೀರು ಸರಬರಾಜನ್ನು ನಗರಾಡಳಿತಕ್ಕೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಸೇರಿಸಿದೆ. ಬರ್ಲಿನ್ನಿನಂತಹ ಜನಮತಕ್ಕೆ ಮಾತ್ರ ಅದರಲ್ಲಿ ಎಡೆಯಿಲ್ಲ. ವಾರ್ಡ್ ಸಮಿತಿಯೊಂದೇ ನಮಗಿರುವ ಬಾಗಿಲು. ಬಲಿಪೂಜೆಯ ಬಳಿಕ ದೇವಾಲಯದ ಅಂಗಳದಲ್ಲಿ ನೀರಿನ ಬಿಲ್ಲಿನ ಕುರಿತು ಗೊಣಗುವ ನಾವು ನಮ್ಮ ವಾರ್ಡಿನ ಸಭೆ ಯಾವಾಗ, ಎಲ್ಲಿ ನಡೆಯುತ್ತದೆಂದು ವಿಚಾರಿಸಿದ್ದೇವೆಯೇ?

ಬರ್ಲಿನ್ನಿನ ಕಥೆಗೆ ಇನ್ನೊಂದು ಅಧ್ಯಾಯವಿದೆ. 2013ರ ನವೆಂಬರ್ 3ರಂದು, ಸಕಲ ಮೃತರ ಸ್ಮರಣೆಯ ಮರುದಿನ, ವಿದ್ಯುತ್ ಜಾಲವನ್ನು ನಗರದ ಒಡೆತನಕ್ಕೆ ತರುವ ಪ್ರಸ್ತಾವ ಮತಕ್ಕೆ ಬಂತು. ಸೆಪ್ಟೆಂಬರಿನ ಮಹಾಚುನಾವಣೆಯ ಜೊತೆಗೇ ಅದನ್ನು ನಡೆಸಲು ಆಡಳಿತ ಒಪ್ಪಿರಲಿಲ್ಲ. ಮತ ಹಾಕಿದವರಲ್ಲಿ ಶೇಕಡ 83ರಷ್ಟು ಮಂದಿ ಹೌದೆಂದರು. ಆದರೆ ಒಟ್ಟು ಮತದಾರರಲ್ಲಿ ಕಾಲುಭಾಗದಷ್ಟು ಜನರು ಹೌದೆನ್ನಬೇಕೆಂಬುದು ಅಲ್ಲಿನ ನಿಯಮ. ಕೊರತೆಯಾದದ್ದು ಸುಮಾರು 21 ಸಾವಿರ ಮತಗಳು, ಪ್ರಸ್ತಾವ ಬಿದ್ದುಹೋಯಿತು. ಎಂಟು ವರ್ಷಗಳ ನಂತರ, 2021ರಲ್ಲಿ, ಅದೇ ನಗರವು ಅದೇ ಜಾಲವನ್ನು 200 ಕೋಟಿ ಯೂರೋಗಳಿಗೂ ಹೆಚ್ಚು ಬೆಲೆ ತೆತ್ತು ಕೊಂಡುಕೊಂಡಿತು.